ತೂಕದ ಯರ್ರೆಪ್ಪನ ಲೈಟ್ ರೋಸ್ಟ್

ಆದೋನಿಯ ಮಾರುಕಟ್ಟೆ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಹತ್ತಿಯ ಚೀಲ ತೂಗುತ್ತಿದ್ದ ಯರ್ರೆಪ್ಪನಿಗೆ ತನ್ನ ಮನೆಯ ಗ್ಯಾಸ್ ಒಲೆಯ ಕಿವಿಯನ್ನು ಯಾವ ಕಡೆಗೆ ತಿರುವಿದರೆ ಅದು ಹೊತ್ತಿಕೊಳ್ಳುತ್ತದೆ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬ ನಾಚಿಕೆಯೂ ಇರಲಿಲ್ಲ. ಊಟ ಎಷ್ಟೊತ್ತಿಗೆ, ಊಟಕ್ಕೆ ಏನು, ಈ ಎರಡು ಸಂಗತಿ ತಿಳಿದಿದ್ದರೆ ಗಂಡಸಾದವನ ಅಡುಗೆಯ ವಿದ್ಯೆ ಪೂರ್ತಿಯಾಯಿತು ಎಂದು ಅವನು ನಂಬಿದ್ದ. ಅಂಥವನು ಮೊನ್ನೆ ಒಂದು ಭಾನುವಾರ ಅಡುಗೆಗೆ ನಿಂತ. ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿ ಅಳುತ್ತಿತ್ತು.

ಇದಕ್ಕೆಲ್ಲ ಮೂಲ ಅವನ ಹೆಂಡತಿ ಬಸವಕ್ಕನಿಗೆ ಬಂದ ತಲೆಸುತ್ತು. ಮೂರು ತಿಂಗಳ ಹಿಂದೆ ಕರ್ನೂಲಿನ ಡಾಕ್ಟರು ಅವಳ ರಕ್ತ ತೆಗೆಸಿ, ಕಾಗದ ನೋಡಿ, ಕೊಬ್ಬು ಜಾಸ್ತಿಯಾಗಿದೆ ಅಂದರು. ಎಣ್ಣೆ ಬಿಡಬೇಕು, ಕರಿದದ್ದು ಬಿಡಬೇಕು, ದಿನಾ ನಡೆಯಬೇಕು. ಮಾಂಸ ತಿನ್ನಬಹುದೇ ಎಂದು ಯರ್ರೆಪ್ಪ ಕೇಳಿದ್ದಕ್ಕೆ, "ತಿನ್ನಬಹುದು, ಆದರೆ ನೀವು ಮಾಡುವ ಥರ ಅಲ್ಲ" ಅಂದರು. ಬಸವಕ್ಕ ಮಾಡುವ ಥರ ಹೇಗಿತ್ತೆಂದರೆ, ಅವಳ ಮಟನ್ ಸಾರಿನ ಮೇಲೆ ತೇಲುವ ಎಣ್ಣೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅವರ ಓಣಿಯಲ್ಲಿ ಒಂದು ಮನೆಯ ಮರ್ಯಾದೆ ಎಷ್ಟೆಂದು ತಿಳಿಯುತ್ತಿದ್ದುದು ಆ ಎಣ್ಣೆಯ ದಪ್ಪದಿಂದಲೇ.

ಬಸವಕ್ಕ ಡಾಕ್ಟರ ಮಾತನ್ನು ತನಗೆ ತೋಚಿದಂತೆ ಪಾಲಿಸಿದಳು. ಭಾನುವಾರ ಗಂಡನಿಗೆ ಎಂದಿನಂತೆ ಎಣ್ಣೆ ತೇಲಿಸಿ ಮಟನ್ ಮಾಡಿ ಬಡಿಸಿ, ತಾನು ಒಳಗೆ ಅಡುಗೆಮನೆಯ ಮೂಲೆಯಲ್ಲಿ ಒಣರೊಟ್ಟಿ, ಬೇಯಿಸಿದ ಪುಂಡಿಪಲ್ಲೆ ಹಿಡಿದು ಕೂಡುವಳು. ಜೊತೆಗೆ ಕೂಡು ಬಾ ಎಂದರೆ, "ನೀವು ತಿನ್ರಿ, ನಂದೇನೈತಿ" ಎನ್ನುವಳು. ಮೊದಮೊದಲು ಯರ್ರೆಪ್ಪ ತಿಂದ. ಬರಬರುತ್ತಾ ಒಳಗಿನಿಂದ ಒಣರೊಟ್ಟಿ ಮುರಿಯುವ ಸಪ್ಪಳ ಕೇಳಿದಾಗಲೆಲ್ಲ ತುಂಡು ಗಂಟಲಲ್ಲೇ ನಿಲ್ಲತೊಡಗಿತು. ಈಗ ಎಮ್ಮಿಗನೂರಿನಿಂದ ಬೀಗರು ಊಟಕ್ಕೆ ಬರುವವರಿದ್ದರು. ಮಗಳು ಭಾಗ್ಯಳ ಮದುವೆಯಾಗಿ ವರ್ಷವಾದರೂ ಅವಳ ಮಾವ ಶ್ರೀರಾಮುಲು ಈ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಸೀರೆ ವ್ಯಾಪಾರದ ತೆಲುಗು ಮನುಷ್ಯ, ಮಾತು ಕಡಿಮೆ, ಮುಖದಲ್ಲಿ ನಗುವಿಗೆ ಜಾಗ ಇನ್ನೂ ಕಡಿಮೆ. ಅಂಥವರ ಎದುರಿಗೂ ಬಸವಕ್ಕ, "ನಾ ಬಡಸ್ತೀನಿ, ಕೂಡಂಗಿಲ್ಲ" ಎಂದುಬಿಟ್ಟಿದ್ದಳು. ಮನೆಯೊಡತಿ ಕೂತು ಉಣ್ಣದಿದ್ದರೆ ಬೀಗರು ಏನೆಂದುಕೊಂಡಾರು.

ಇಂಥ ಹೊತ್ತಿನಲ್ಲಿ ಯರ್ರೆಪ್ಪನ ಫೋನಿನಲ್ಲಿ ಬಿಳಿಗೂದಲ ಒಬ್ಬಳು ದೊರೆಸಾನಿ ಪ್ರತ್ಯಕ್ಷಳಾದಳು. ಅವಳು ಒಂದು ಇಡೀ ಕುರಿತೊಡೆಯ ಕೊಬ್ಬನ್ನೆಲ್ಲ ಕತ್ತರಿಸಿ ತೆಗೆದು, ದಾರ ಕಟ್ಟಿ, ಒಂದು ಹನಿ ಎಣ್ಣೆ ಹಾಕದೆ ಬೇಯಿಸಿ, ಅದರಿಂದ ಇಳಿದ ರಸದಲ್ಲೇ ಗ್ರೇವಿ ಮಾಡಿ, ಬಿಳಿ ಬಟ್ಟೆಯಲ್ಲಿ ಸೋಸಿ ಬಡಿಸಿದಳು. ಅವಳ ಇಂಗ್ಲಿಷಿನಲ್ಲಿ ಯರ್ರೆಪ್ಪನಿಗೆ ತಿಳಿದದ್ದು ಮೂರು ಮಾತು: 'ರೋಸ್ಟ್', 'ನೋ ಫ್ಯಾಟ್', 'ಲೈಟ್'. ಅಷ್ಟು ಸಾಕಾಯಿತು. ತೂಕದ ಕಾಟಾದ ಪಕ್ಕದಲ್ಲಿ ನಿಂತು ಆ ವಿಡಿಯೊವನ್ನು ಅವನು ಹನ್ನೊಂದು ಸಲ ನೋಡಿದ. ಆ ವಾರ ತೂಗಿದ ಹತ್ತಿಯ ಲೆಕ್ಕದ ಬಗ್ಗೆ ನಾವು ಇಲ್ಲಿ ಏನೂ ಹೇಳದಿರುವುದು ಒಳ್ಳೆಯದು.

ದೊರೆಸಾನಿಗೆ ಒಂದು ಓವನ್ ಇತ್ತು. ಯರ್ರೆಪ್ಪನಿಗೆ ಇರಲಿಲ್ಲ. ಆದರೆ ಕುರಿ ಮೇಯಿಸುತ್ತಿದ್ದ ಅವನ ಅಜ್ಜ, ಹಟ್ಟಿ ಬಿಟ್ಟು ದೂರ ಹೋದಾಗ ನೆಲದಲ್ಲಿ ಗುಂಡಿ ತೋಡಿ, ಕುಳ್ಳಿನ ಕೆಂಡ ಹಾಕಿ, ಮಡಿಕೆಯಲ್ಲಿ ಮಾಂಸ ಹೂತು ಬೇಯಿಸುತ್ತಿದ್ದನಂತೆ. ದೊರೆಸಾನಿಯನ್ನೂ ಅಜ್ಜನನ್ನೂ ಕೂಡಿಸಿದರೆ ಕೆಲಸ ಆಗುತ್ತದೆ. ಆದರೆ ಯಾರಿಗೂ ತಿಳಿಯಬಾರದು. ತೂಕದ ಯರ್ರೆಪ್ಪ ಅಡುಗೆ ಮಾಡುತ್ತಾನೆಂದು ಗೊತ್ತಾದರೆ ಯಾರ್ಡಿನ ಹಮಾಲರು ಅವನನ್ನು ಸುಮ್ಮನೆ ಬಿಡುತ್ತಾರೆಯೇ. ಹೆಂಡತಿಗೆ ಮೊದಲೇ ತಿಳಿದರಂತೂ ಸೌಟು ಕಸಿದುಕೊಂಡು ಎಣ್ಣೆ ಸುರಿಯುತ್ತಾಳೆ. ಆದ್ದರಿಂದ ಅವಳನ್ನು ಅರ್ಧ ದಿನ ಮನೆಯಿಂದ ಸಾಗಹಾಕಬೇಕು.

"ಡಾಕ್ಟರ್ ನಡೀರಿ ಅಂದಾರ. ಮಂತ್ರಾಲಯಕ್ಕ ಹೋಗಿ ರಾಯರ ಸುತ್ತ ನಡಿ. ಪುಣ್ಯಾನೂ ಆತು, ನಡಿಗಿನೂ ಆತು," ಎಂದು ಶನಿವಾರ ಅವನು ಹೇಳಿದ.

"ಬೀಗರು ಬರೋ ದಿವಸ?"

"ಅವರು ಬರೋದು ಒಂದು ಗಂಟೆಗೆ. ನೀ ಹನ್ನೆರಡೂವರಿಗೆ ಬಂದಿರ್ತಿ. ಊಟ ಹೋಟೆಲಿಂದ ತರಿಸ್ತೀನಿ."

ಬಸವಕ್ಕ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಮೂವತ್ತು ವರ್ಷದಲ್ಲಿ ಅವನು ಪುಣ್ಯದ ಮಾತಾಡಿದ್ದು ಇದೇ ಮೊದಲು. ಏನೋ ಒಳ್ಳೆಯ ಬುದ್ಧಿ ಬಂದಿದೆ, ಕೆಡಿಸುವುದು ಬೇಡವೆಂದು ಭಾನುವಾರ ಬೆಳಗಿನ ಐದು ಗಂಟೆಯ ಬಸ್ಸು ಹತ್ತಿದಳು. ಗಡಿಬಿಡಿಯಲ್ಲಿ ಫೋನು ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿಯಿತು.

ಆರು ಗಂಟೆಗೆ ಪಕ್ಕದ ಮನೆಯ ಲಿಂಗಕ್ಕ ಅಂಗಳಕ್ಕೆ ನೀರು ಹಾಕುತ್ತಾ ಕೇಳಿದಳು. "ಬಸವಕ್ಕ ಇನ್ನಾ ಎದ್ದಿಲ್ಲೇನಣ್ಣ?"

"ಆಕಿ ಹೋದಳು," ಅಂದ ಯರ್ರೆಪ್ಪ. "ಐದಕ್ಕ. ರಾಯರ ಹತ್ರ ಕಳಿಸಿಬಿಟ್ಟೆ."

ಲಿಂಗಕ್ಕ ತಲೆಯಾಡಿಸಿದಳು. ಆಗ ಅವಳಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ.

ಯಾರ ಕಣ್ಣಿಗೂ ಬೀಳಬಾರದೆಂದು ಯರ್ರೆಪ್ಪ ಊರಿನ ಆ ತುದಿಯ ಅಂಗಡಿಯಿಂದ ಒಂದು ಇಡೀ ತೊಡೆ ತಂದು, ಹತ್ತಿಯ ಚೀಲದಲ್ಲಿ ಬಚ್ಚಿಟ್ಟ. ಕೊಬ್ಬನ್ನೆಲ್ಲ ತೆಗೆ ಎಂದಾಗ ಕಟುಕನಿಗೆ ಅವಮಾನವಾಗಿ, ತೂಕ ಮಾಡಿದ ಮೇಲೂ ಎರಡು ಸಲ ಬೇಕೇ ಬೇಡವೇ ಎಂದು ಕೇಳಿದ್ದ. ಮನೆಗೆ ಬಂದ ಮೇಲೆ ನೆನಪಾಯಿತು: ಬಿಳಿ ಬಟ್ಟೆ ಇಲ್ಲ. ದಾರ ಇಲ್ಲ. ಮಡಿಕೆಯೂ ಇಲ್ಲ.

ಭಾನುವಾರ ಅಷ್ಟು ಹೊತ್ತಿಗೆ ಮಾಂಸದಂಗಡಿ ಬಿಟ್ಟರೆ ಬೇರೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಬಟ್ಟೆ ವ್ಯಾಪಾರಿ ಲಕ್ಷ್ಮಿಕಾಂತನ ಮನೆ ಅಂಗಡಿಯ ಹಿಂದೆಯೇ ಇತ್ತು. ಯರ್ರೆಪ್ಪ ಬಾಗಿಲು ಬಡಿದ. ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಲಕ್ಷ್ಮಿಕಾಂತ ಅರ್ಧ ಹಣೆಯಲ್ಲೇ ಎದ್ದು ಬಂದ.

"ಬಿಳಿ ಬಟ್ಟಿ ಬೇಕಾಗಿತ್ರಿ. ಹೊಸಾದು. ಅರ್ಜೆಂಟ್ ಐತಿ."

ಲಕ್ಷ್ಮಿಕಾಂತನ ಕೈ ಹಣೆಯ ಮೇಲೇ ನಿಂತಿತು. "ಎಷ್ಟು ಬೇಕು?"

"ಒಂದು ತುಂಡು ಸಾಕ್ರಿ. ಬಾಯಿಗೆ ಒಂದು ಸುತ್ತು ಸುತ್ತಿ ಕಟ್ಟೋದಷ್ಟೇ."

"ಇಂಥಾದ್ರಾಗ ತುಂಡು ಗಿಂಡು ಅನಬಾರದು ಯರ್ರೆಪ್ಪ," ಎಂದು ಲಕ್ಷ್ಮಿಕಾಂತ ಮೆಲ್ಲಗೆ ಹೇಳಿ ಅಂಗಡಿಯ ಬಾಗಿಲು ಎತ್ತಿದ. ಉದ್ದಕ್ಕೆ ಹರಿದು ಮಡಿಸಿ ಕೊಟ್ಟ. "ಮತ್ತೇನರೆ?"

"ದಾರ ಒಂದಿಷ್ಟು. ಕಾಲು ಕಟ್ಟಬೇಕು."

ಲಕ್ಷ್ಮಿಕಾಂತ ಕಣ್ಣು ಮುಚ್ಚಿ ಶಿವ ಶಿವ ಅಂದ. ಒಂದು ಬಟ್ಟೆಯ ತುಂಡಿಗೆ ಈ ಮನುಷ್ಯ ಇಷ್ಟು ಭಕ್ತಿ ತೋರಿಸುತ್ತಾನಲ್ಲ, ವ್ಯಾಪಾರಸ್ಥರೆಂದರೆ ಹೀಗಿರಬೇಕು ಎಂದುಕೊಳ್ಳುತ್ತಾ ಯರ್ರೆಪ್ಪ ಕುಂಬಾರ ನಾಗಣ್ಣನ ಮನೆಯತ್ತ ನಡೆದ.

ನಾಗಣ್ಣ ಚಹಾ ಕುಡಿಯುತ್ತಿದ್ದ. ಕಂಕುಳಲ್ಲಿ ಬಿಳಿ ಬಟ್ಟೆ ಇಟ್ಟುಕೊಂಡು ಬಂದವನನ್ನು ಕಂಡು ಲೋಟ ಕೆಳಗಿಟ್ಟ.

"ಹೊಸಾ ಮಡಿಕಿ ಬೇಕಾಗೇತಿ ನಾಗಣ್ಣ. ಈಗಿಂದೀಗ."

"ಯಾರಿಗಣ್ಣ?"

"ಮನಿಯಾಕಿಗೆ," ಎಂದು ಯರ್ರೆಪ್ಪನ ಬಾಯಿಂದ ಬಂದುಬಿಟ್ಟಿತು. ಗುಟ್ಟು ಬಿಟ್ಟುಕೊಟ್ಟೆನೆಂದು ನಾಲಗೆ ಕಚ್ಚಿಕೊಂಡ. "ಮಂದಿಗೆ ಹೇಳಾಕ ಹೋಗಬ್ಯಾಡ. ಸುಮ್ಮನ ಮಾಡಿ ಮುಗಿಸಬೇಕಂತ ಮಾಡೀನಿ."

ನಾಗಣ್ಣ ಎದ್ದು ನಿಂತ. "ಯಾವಾಗ?"

"ಇವತ್ತ ಮಧ್ಯಾಹ್ನ. ಬೀಗರು ಬಂದ ಕೂಡ್ಲೆ."

ನಾಗಣ್ಣ ಒಂದು ಒಳ್ಳೆಯ ಮಡಿಕೆ ಆರಿಸಿ ತಂದ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ. "ತೂತು ನೀವೇ ಹಾಕ್ತೀರೋ, ನಾ ಹಾಕಿ ಕೊಡಲೋ?"

ಯರ್ರೆಪ್ಪ ಬೆರಗಾದ. ಉಗಿ ಹೋಗಲು ಮಡಿಕೆಗೆ ಒಂದು ತೂತು ಬೇಕಾಗುತ್ತದೆ ಎಂಬುದು ಅವನಿಗೇ ಹೊಳೆದಿರಲಿಲ್ಲ. "ನೀನೇ ಹಾಕಿ ಕೊಡಪಾ. ಒಳಗಿಂದು ಹೊರಗ ಹೋಗಾಕ ಒಂದು ದಾರಿ ಇರಬೇಕಲ್ಲ."

"ಖರೆ ಮಾತು," ಎಂದ ನಾಗಣ್ಣ. ಮಡಿಕೆಯ ಹೆಗಲಿಗೆ ಒಂದು ತೂತು ಕೊರೆದು, ರೊಕ್ಕ ಬೇಡವೆಂದು ಕೈ ಮುಗಿದ. ಯರ್ರೆಪ್ಪ ಓಣಿಯ ತಿರುವು ದಾಟುತ್ತಿದ್ದಂತೆ ನಾಗಣ್ಣನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಲಿಂಗಕ್ಕನ ಮನೆಗೆ ಓಡಿದಳು.

ಅಷ್ಟರಲ್ಲಿ ಯರ್ರೆಪ್ಪ ಮುಂಬಾಗಿಲ ಅಗಳಿ ಹಾಕಿ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದ. ಮಡಿಕೆ ಕೂಡುವಷ್ಟು ಗುಂಡಿ ಸಾಕಿತ್ತು. ಆದರೆ ಆದೋನಿಯ ನೆಲ ಅಷ್ಟು ಸುಲಭಕ್ಕೆ ಬಾಯಿ ಬಿಡುವಂಥದ್ದಲ್ಲ. ಒಂದು ಮೊಳ ಹೋಗುವಷ್ಟರಲ್ಲಿ ಬಂಡೆ ತಗುಲಿತು. ಸ್ವಲ್ಪ ಸರಿದು ತೋಡಿದ, ಅಲ್ಲೂ ಬಂಡೆ. ಇನ್ನೂ ಸರಿದ. ಮಡಿಕೆಗೆ ಜಾಗ ಸಿಗುವ ಹೊತ್ತಿಗೆ ಗುಂಡಿ ಆರಡಿ ಉದ್ದವಾಗಿತ್ತು.

ಲಿಂಗಕ್ಕ ಮತ್ತು ನಾಗಣ್ಣನ ಹೆಂಡತಿ ಗೋಡೆಯ ಮೇಲಿನಿಂದ ಇಣುಕಿದ್ದು ಆಗಲೇ. ಬಿಳಿ ಬಟ್ಟೆ, ಹೊಸ ಮಡಿಕೆ, ಕುಳ್ಳಿನ ರಾಶಿ, ಆರಡಿ ಗುಂಡಿ. ಅದರ ದಂಡೆಯಲ್ಲಿ ಮೈಮೇಲೆ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಕೂತಿದ್ದ ಯರ್ರೆಪ್ಪ. ಅವನ ಕಣ್ಣಲ್ಲಿ ಧಾರೆಧಾರೆ ನೀರು. ಮಡಿಕೆಯ ತಳಕ್ಕೆ ಹಾಸಲು ಅವನು ಒಂದು ಕಿಲೋ ಉಳ್ಳಾಗಡ್ಡಿ ಹೆಚ್ಚಿ ಮುಗಿಸಿದ್ದನ್ನು ಅವರು ಕಂಡಿರಲಿಲ್ಲ.

"ಬೆಳಿಗ್ಗೇನೇ ಹೇಳಿದ್ದ," ಲಿಂಗಕ್ಕ ಪಿಸುಗುಟ್ಟಿದಳು. "ಐದಕ್ಕ ಹೋದಳು, ರಾಯರ ಹತ್ರ ಕಳಿಸಿಬಿಟ್ಟೆ ಅಂದ. ನಾ ಮಂತ್ರಾಲಯ ಅಂದಕೊಂಡೆ."

"ಹಿತ್ತಲದಾಗ ಯಾಕ ತೋಡ್ಯಾನ?"

"ಕಣ್ಣೆದುರಿಗೇ ಇರಲಿ ಅಂತ ಇರಬೇಕವ್ವ. ಆಕಿ ಅಂದ್ರ ಅಷ್ಟು ಜೀವ."

ನಾಗಣ್ಣನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಿಂಗಕ್ಕ ಎಷ್ಟಾದರೂ ವಿಚಾರವಂತೆ. ಖಾತ್ರಿ ಮಾಡಿಕೊಳ್ಳದೆ ಮಾತಾಡಬಾರದೆಂದು ಬಸವಕ್ಕನ ನಂಬರಿಗೆ ಫೋನು ಮಾಡಿದಳು. ಅಗಳಿ ಹಾಕಿದ ಮನೆಯೊಳಗೆ ಫೋನು ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಇನ್ನೇನು ಸಾಕ್ಷಿ ಬೇಕು. ಎರಡನೆಯ ಫೋನು ಎಮ್ಮಿಗನೂರಿಗೆ ಹೋಯಿತು. ಮೂರನೆಯದು ಯಾರ್ಡಿಗೆ.

ಹನ್ನೊಂದೂವರೆಗೆ ಯರ್ರೆಪ್ಪ, ಒಂಬತ್ತಕ್ಕೇ ಹೂತಿದ್ದ ಮಡಿಕೆಯ ಮೇಲೆ ಇನ್ನಷ್ಟು ಕೆಂಡ, ಮಣ್ಣು ಎಳೆದು ಕೈ ಒರೆಸಿಕೊಳ್ಳುತ್ತಿದ್ದಾಗ ಮುಂದಿನ ಬಾಗಿಲಲ್ಲಿ ಗುಜುಗುಜು ಕೇಳಿಸಿತು. ತೆಗೆದು ನೋಡಿದರೆ ಮೂವತ್ತು ನಲವತ್ತು ಮಂದಿ. ಹಮಾಲರು, ಓಣಿಯ ಹೆಂಗಸರು, ಲಕ್ಷ್ಮಿಕಾಂತ, ನಾಗಣ್ಣ. ಎಲ್ಲರ ಮುಂದೆ, ಕೈಯಲ್ಲಿ ಚೆಂಡುಹೂವಿನ ದಪ್ಪ ಮಾಲೆ ಹಿಡಿದುಕೊಂಡು ಯಾರ್ಡಿನ ಸೂಪರ್‌ವೈಸರ್ ಉದಯಕುಮಾರ್ ಸಾರ್.

ಯರ್ರೆಪ್ಪನಿಗೆ ತಿಳಿದುಹೋಯಿತು. ಗುಟ್ಟು ಹೊರಬಿದ್ದಿದೆ. ಇಡೀ ಊರು ರೋಸ್ಟ್ ತಿನ್ನಲು ಬಂದಿದೆ. ಸೂಪರ್‌ವೈಸರು ಸನ್ಮಾನಕ್ಕೆ ಮಾಲೆಯನ್ನೇ ತಂದುಬಿಟ್ಟಿದ್ದಾರೆ.

"ಏನು ಹೇಳಲಿ ಯರ್ರೆಪ್ಪ," ಎಂದು ಉದಯಕುಮಾರ್ ಅವನ ಹೆಗಲ ಮೇಲೆ ಕೈಯಿಟ್ಟರು. "ನಮಗ ಒಂದು ಮಾತು ಹೇಳಬಾರದೇನು? ಒಬ್ಬನೇ ಎಲ್ಲಾ ಮಾಡಾಕತ್ತೀಯಲ್ಲ."

"ನಾಚಿಕಿ ಆತ್ರಿ ಸಾರ್."

"ಇದ್ರಾಗ ನಾಚಿಕಿ ಏನು? ಎಲ್ಲರ ಮನಿಯಾಗೂ ಆಗೋದೇ. ಹೆಂಗ ಆತು?"

"ಡಾಕ್ಟರ್ ಹೇಳಿದ್ರಿ ಸಾರ್, ಕೊಬ್ಬು ಜಾಸ್ತಿ ಆಗೇತಿ ಅಂತ. ಆಗಿಂದ ಆಕಿ ಮೂಲ್ಯಾಗ ಕುಂತು ಒಣರೊಟ್ಟಿ ತಿನ್ನೋದನ್ನ ನನ್ನ ಕೈಲೆ ನೋಡಾಕ ಆಗಲಿಲ್ಲ. ಇನ್ನ ಇದನ್ನ ನಾನೇ ಕೈಯಾರೆ ಮುಗಿಸಬೇಕಂತ ತೀರ್ಮಾನ ಮಾಡಿದೆ."

ಉದಯಕುಮಾರ್ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ತೆಗೆದರು. ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆ ಎಂದು ತಮ್ಮಷ್ಟಕ್ಕೆ ಸಮಾಧಾನ ಹೇಳಿಕೊಂಡು ಕೇಳಿದರು. "ಎಷ್ಟೊತ್ತಿಗೆ ಎತ್ತೋದು?"

"ಹನ್ನೆರಡೂವರಿಗೆ ಎತ್ತಬೇಕು ಸಾರ್. ಇನ್ನಾ ಮುಂಚೆ ಎತ್ತಿದ್ರ ಒಳಗ ಹಸಿ ಇರ್ತೈತಿ."

ಗುಂಪಿನಲ್ಲಿ ಯಾರೋ ಕೆಮ್ಮಿದರು. ಯರ್ರೆಪ್ಪ ಮಂದಿಯನ್ನು ಎಣಿಸಿ ನೋಡಿ ಸಂಕಟಪಟ್ಟ. ಬಂದವರನ್ನು ಬರಿಗೈಲಿ ಕಳಿಸುವ ಮನೆತನ ಅವನದಲ್ಲ.

"ಇಷ್ಟು ಮಂದಿ ಬರ್ತೀರಂತ ಗೊತ್ತಿರಲಿಲ್ಲ," ಎಂದು ಕೈ ಮುಗಿದು ಹೇಳಿದ. "ಇರೋದು ಒಂದೇ ತೊಡಿ. ಆದರೂ ಎಲ್ಲರಿಗೂ ಒಂದೊಂದು ಚೂರು ಕೊಡ್ತೀನಿ, ಯಾರೂ ಬ್ಯಾಸರ ಮಾಡಬ್ಯಾಡ್ರಿ."

ಲಕ್ಷ್ಮಿಕಾಂತ ಮೂರು ಹೆಜ್ಜೆ ಹಿಂದೆ ಸರಿದು ಕುಂಬಾರನ ಬೆನ್ನ ಹಿಂದೆ ನಿಂತ. "ಶಾಕ್ ಆಗೇತಿ," ಎಂದು ಉದಯಕುಮಾರ್ ಪಿಸುಗುಟ್ಟಿದರು. "ಯಾರೂ ಏನೂ ಅನಬ್ಯಾಡ್ರಿ. ಮೊದಲು ಕುಂಡ್ರಿಸ್ರಿ, ನೀರು ಕೊಡ್ರಿ."

ಯರ್ರೆಪ್ಪನನ್ನು ಇಬ್ಬರು ಹಮಾಲರು ಹಿಡಿದು ಕಟ್ಟೆಯ ಮೇಲೆ ಕೂಡಿಸಿದರು. ಅಡುಗೆ ಮಾಡಿ ದಣಿದವನಿಗೆ ಇಷ್ಟೊಂದು ಉಪಚಾರ ಸಿಗುತ್ತದೆಂದು ಗೊತ್ತಿದ್ದರೆ ಎಂದೋ ಮಾಡುತ್ತಿದ್ದೆನಲ್ಲ ಎಂದು ಅವನು ನೀರು ಕುಡಿಯುತ್ತಿರುವಾಗ ಎಮ್ಮಿಗನೂರಿನ ಆಟೊ ಬಂದು ನಿಂತಿತು.

ಅದರಿಂದ ಇಳಿದ ಭಾಗ್ಯಳನ್ನು ನೋಡಿ ಮಾತ್ರ ಅವನ ಕೈಯಿಂದ ಲೋಟ ಜಾರಿತು. ತಲೆಗೂದಲು ಕೆದರಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಇಪ್ಪತ್ತು ಮೈಲಿ ಉದ್ದಕ್ಕೂ ಅತ್ತು ಅವಳ ಧ್ವನಿ ಬಿದ್ದುಹೋಗಿತ್ತು. ಓಡಿ ಬಂದು ಅಪ್ಪನ ಮೊಣಕಾಲಿಗೆ ತಲೆಯಿಟ್ಟು, "ಅಪ್ಪಾ, ನನಗ ಒಂದು ಫೋನ್ ಮಾಡಬಾರದಿತ್ತೇನಪ್ಪಾ," ಎಂದು ಬಿಕ್ಕಿದಳು. ಮಗಳು ಹಾಗೆ ಅತ್ತದ್ದನ್ನು ಯರ್ರೆಪ್ಪ ಎಂದೂ ನೋಡಿರಲಿಲ್ಲ. ಅವಳ ಮನೆಯ ಕಡೆ ಯಾರಿಗೋ ಏನೋ ಆಗಿದೆ ಎಂಬುದು ಅವನಿಗೆ ಖಾತ್ರಿಯಾಯಿತು. ಗಾಬರಿಯಿಂದ ಆಟೊದತ್ತ ನೋಡಿದ. ಅಳಿಯ ಇಳಿದ. ಬೀಗಿತ್ತಿ ಇಳಿದರು. ಬೀಗರು ಶ್ರೀರಾಮುಲು ಇಳಿದರು. ಎಲ್ಲರೂ ಇದ್ದಾರೆ. ಮತ್ತೆ ಸತ್ತವರು ಯಾರು?

ಶ್ರೀರಾಮುಲು ಹತ್ತಿರ ಬಂದು, ಜೀವನದಲ್ಲಿ ಮೊದಲ ಸಲ ಅವನ ಎರಡೂ ಕೈ ಹಿಡಿದುಕೊಂಡರು. "ಏಂ ಚೇಸ್ತಾಂ ಅನ್ನಾ, ಏನು ಮಾಡೋದು," ಎಂದರು. "ಎಲ್ಲಾ ದೇವರ ಇಚ್ಛೆ. ಧೈರ್ಯಂಗಾ ಇರಬೇಕು."

ಯಾರೆಂದು ಕೇಳುವುದು ಮರ್ಯಾದೆಯಲ್ಲ. ಯಾರೋ ಹತ್ತಿರದವರೇ ಇರಬೇಕು. ಯರ್ರೆಪ್ಪನಿಗೂ ದುಃಖ ಒತ್ತರಿಸಿ ಬಂತು. ಮಗಳ ತಲೆ ಸವರುತ್ತಾ ಅವನೂ ಗಟ್ಟಿಯಾಗಿ ಅಳತೊಡಗಿದ. ಅದನ್ನು ಕಂಡು ಲಿಂಗಕ್ಕ ಅತ್ತಳು. ಲಿಂಗಕ್ಕನನ್ನು ಕಂಡು ಓಣಿ ಅತ್ತಿತು. ತಾನು ಯಾರಿಗಾಗಿ ಅಳುತ್ತಿದ್ದೇನೆಂದು ಅಲ್ಲಿ ಗೊತ್ತಿರದಿದ್ದವನು ಯರ್ರೆಪ್ಪನೊಬ್ಬನೇ.

ಇದೇ ಹೊತ್ತಿಗೆ ಬಸವಕ್ಕ ಬಸ್ಸಿಳಿದು, ಪ್ರಸಾದದ ಚೀಲ ಹಿಡಿದುಕೊಂಡು ಓಣಿಯ ಬಾಯಿಗೆ ಬಂದಳು. ಮುಂದೆ ನಡೆದದ್ದನ್ನು ಯರ್ರೆಪ್ಪ ಆಮೇಲೆ ಅವಳ ಬಾಯಿಂದಲೇ ಕೇಳಿದ. ಮನೆಯ ಮುಂದೆ ಮಂದಿಯನ್ನು ಕಂಡಳಂತೆ. ಗಂಡನಿಗೇ ಏನೋ ಆಯಿತೆಂದು ಗೋಡೆ ಹಿಡಿದು ಹಿಡಿದು ಬಂದು, ಹಿಂದೆ ನಿಂತಿದ್ದ ಮುದಿ ಹಮಾಲನನ್ನು ಕೇಳಿದಳಂತೆ.

"ಏನಾಗೇತಣ್ಣ? ಯಾರು?"

ಹಮಾಲ ತಿರುಗಿ ನೋಡಲಿಲ್ಲ. "ಬಸವಕ್ಕ ಹೋದಳವ್ವ."

"ಯಾವ ಬಸವಕ್ಕ?"

"ಇನ್ಯಾವಾಕಿ, ತೂಕದ ಯರ್ರೆಪ್ಪನ ಹೆಂಡತಿ. ಬಂಗಾರದಂಥಾ ಹೆಣಮಗಳು. ಮಾತು ಒಂದೀಟು ಜೋರು. ಆದ್ರ ಆಕಿ ಮಟನ್ ಸಾರು ಮಾಡಿದ ದಿನ ನಮ್ಮ ಯಾರ್ಡಿನ ತನಕ ವಾಸನಿ ಬರ್ತಿತ್ತು."

ಗಂಡ ಉಳಿದಿದ್ದಾನೆಂಬ ಸಮಾಧಾನ ಮೊದಲು ಬಂತು. ಆಮೇಲೆ ಬಸವಕ್ಕನಿಗೆ ಅಲ್ಲಿಂದ ಕದಲುವ ಮನಸ್ಸಾಗಲಿಲ್ಲ. ಇನ್ನೊಬ್ಬಳು ಅವಳು ಕಟ್ಟಿದ ಹೂವಿನ ದಂಡೆಯನ್ನು ಹೊಗಳುತ್ತಿದ್ದಳು. ಮತ್ತೊಬ್ಬಳು ಹೆರಿಗೆಯಲ್ಲಿ ಬಸವಕ್ಕ ತನಗೆ ಹತ್ತು ದಿನ ಗಂಜಿ ಕಾಸಿ ಕೊಟ್ಟದ್ದನ್ನು ಹೇಳಿ ಅಳುತ್ತಿದ್ದಳು. ಜೀವ ಇರುವಾಗ ಒಬ್ಬರೂ ಆಡದ ಮಾತುಗಳು. ಎರಡು ನಿಮಿಷ ಕೇಳಿದಳು. ಆಗ ಒಳಗಿನಿಂದ ಭಾಗ್ಯಳ ಧ್ವನಿ ಕೇಳಿಸಿತು. ಆಮೇಲೆ ನಿಲ್ಲಲಾಗಲಿಲ್ಲ.

"ದಾರಿ ಬಿಡ್ರಿ," ಎಂದು ಮಂದಿಯನ್ನು ಸೀಳಿಕೊಂಡು ಬಂದಳು. "ಭಾಗ್ಯ, ಇಲ್ಲಿ ನೋಡವ್ವ. ನಾ ಹೋಗಿದ್ದು ಮಂತ್ರಾಲಯಕ್ಕ."

ನಾಗಣ್ಣನ ಹೆಂಡತಿ ಕೂತಲ್ಲೇ ಹಿಂದಕ್ಕೆ ಬಿದ್ದಳು. ಭಾಗ್ಯ ಅವ್ವನ ಮುಖ, ಕೈ, ಹೆಗಲು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅವಳನ್ನು ಅಪ್ಪಿಕೊಂಡು ಮೊದಲಿಗಿಂತ ಜೋರಾಗಿ ಅತ್ತಳು. ಯರ್ರೆಪ್ಪ ಎದ್ದು ನಿಂತು ಎಲ್ಲರ ಮುಖ ನೋಡಿದ. ಬಿಳಿ ಬಟ್ಟೆ, ಮಡಿಕೆ, ಮಾಲೆ, ಒಂದೊಂದೇ ಅವನ ತಲೆಯಲ್ಲಿ ಸಾಲಾಗಿ ಬಂದು ಕೂತವು.

"ಮತ್ತ ಆ ಗುಂಡಿ?" ಎಂದರು ಉದಯಕುಮಾರ್.

"ರೋಸ್ಟ್ ಸಾರ್," ಎಂದ ಯರ್ರೆಪ್ಪ. ಭೂಮಿಯೊಳಗೆ ಇಳಿದುಹೋಗುವಂಥ ಧ್ವನಿ. "ಕುರಿತೊಡಿ. ಎಣ್ಣಿ ಇಲ್ಲದ್ದು. ಆಕಿ ತಿನ್ನಲಿ ಅಂತ."

ಉದಯಕುಮಾರ್ ಸಾರ್ ಕೈಯಲ್ಲಿದ್ದ ಮಾಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳಲು ನೋಡಿದರು. ಅಷ್ಟು ದಪ್ಪ ಮಾಲೆ ಅಷ್ಟು ತೆಳ್ಳನೆಯ ಮನುಷ್ಯನ ಹಿಂದೆ ಅಡಗಲಿಲ್ಲ.

"ಅದು ನನಗ ತಂದಿದ್ದಲ್ಲೇನ್ರಿ ಸಾರ್, ಕೊಡ್ರಿ," ಎಂದು ಬಸವಕ್ಕ ಕೈ ಚಾಚಿದಳು. "ಮದುವಿ ಆದಮ್ಯಾಲ ನನಗ ಯಾರೂ ಮಾಲಿ ತಂದಿರಲಿಲ್ಲ." ಮಾಲೆಯನ್ನೂ ಪ್ರಸಾದವನ್ನೂ ದೇವರ ಮುಂದಿಟ್ಟು ಬಂದು ಗಂಡನನ್ನು ಕೇಳಿದಳು. "ಎಷ್ಟೊತ್ತಿಗೆ ಇಟ್ಟೀರಿ ಅದನ್ನ?"

ಯರ್ರೆಪ್ಪ ಹೌಹಾರಿ ಹಿತ್ತಲಿಗೆ ಓಡಿದ. ಒಂದು ಗಂಟೆ ಹೊಡೆದು ಹೋಗಿತ್ತು. ಅವನ ಹಿಂದೆ ಮಗಳು, ಬೀಗರು, ಸೂಪರ್‌ವೈಸರು, ಓಣಿಯೆಲ್ಲ ಓಡಿತು. ಸಂತಾಪಕ್ಕೆ ಬಂದವರಾರೂ ಸುದ್ದಿ ಕೇಳಿದಾಗಿನಿಂದ ಬಾಯಿಗೆ ನೀರು ಹಾಕಿರಲಿಲ್ಲ, ಹೆಣ ಎತ್ತುವ ಮುಂಚೆ ಉಣ್ಣುವಂತಿಲ್ಲವಲ್ಲ. ಮಣ್ಣು ಸರಿಸಿ ಮಡಿಕೆ ಮೇಲೆತ್ತಿ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಆರಡಿ ಗುಂಡಿಯ ಸುತ್ತ ನಿಂತವರೆಲ್ಲ ಒಂದೇ ಸಲ ಉಗುಳು ನುಂಗಿದರು. ತೊಡೆ ಕರಕಾಗಿರಲಿಲ್ಲ. ಅರ್ಧ ತಾಸು ಹೆಚ್ಚಿಗೆ ಕೂತದ್ದರಿಂದ ಮಾಂಸ ಎಲುಬು ಬಿಟ್ಟು ತಾನೇ ಬಿಚ್ಚಿಕೊಳ್ಳುತ್ತಿತ್ತು. ಮೆಣಸು ಮತ್ತು ಬೆಳ್ಳುಳ್ಳಿಯನ್ನು ಮಾಂಸ ಪೂರ್ತಿ ಕುಡಿದಿತ್ತು. ತಳದಲ್ಲಿ ಉಳ್ಳಾಗಡ್ಡಿ ಕರಗಿ ಕಂದು ರಸ ನಿಂತಿತ್ತು.

ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಯರ್ರೆಪ್ಪ ಅಷ್ಟು ಮಂದಿಯ ಎದುರಲ್ಲೇ ಗ್ರೇವಿಗೆ ಕೂತ. ರಸವನ್ನು ಬೋಗುಣಿಗೆ ಬಗ್ಗಿಸಿ, ಆರಲು ಬಿಟ್ಟು, ಮೇಲೆ ತೇಲಿದ ಕೊಬ್ಬನ್ನು ಚಮಚದಲ್ಲಿ ತೆಗೆದು ತೆಗೆದು ಚೆಲ್ಲಿದ. ಪ್ರತಿ ಚಮಚಕ್ಕೂ ಹಮಾಲರು ನಿಟ್ಟುಸಿರು ಬಿಟ್ಟರು. ಜೋಳದ ಹಿಟ್ಟನ್ನು ಬರೀ ಬಾಣಲೆಯಲ್ಲಿ ಹುರಿದು ರಸಕ್ಕೆ ಕಲಸಿದ. ಬಿಳಿ ಬಟ್ಟೆಯ ಒಂದು ತುದಿಯನ್ನು ಲಕ್ಷ್ಮಿಕಾಂತನೇ ಮುಂದೆ ಬಂದು ಮುಖ ಆ ಕಡೆ ತಿರುಗಿಸಿಕೊಂಡು ಹಿಡಿದ, ಇನ್ನೊಂದು ತುದಿಯನ್ನು ನಾಗಣ್ಣ ಹಿಡಿದ. ಸೋಸಿದ ಗ್ರೇವಿ ನುಣ್ಣಗೆ ಇಳಿಯಿತು.

ಆದರೆ ತೊಡೆ ಒಂದೇ, ಬಾಯಿ ನಲವತ್ತು. ಬಸವಕ್ಕ ಒಂದು ನೋಟದಲ್ಲಿ ಲೆಕ್ಕ ಹಾಕಿದಳು. "ಲಿಂಗಕ್ಕ, ನಿಮ್ಮ ಮನ್ಯಾಗ ರೊಟ್ಟಿ ಎಷ್ಟದಾವ ತಗೊಂಬಾ. ಎಲ್ಲರೂ ತರ್ರಿ. ಸತ್ತಾಕಿ ಮನಿಗೆ ಬಂದು ಉಪವಾಸ ಹೋಗಬ್ಯಾಡ್ರಿ." ಓಣಿಯ ರೊಟ್ಟಿಯೆಲ್ಲ ಬಂದು ಬಿತ್ತು. ಗ್ರೇವಿಗೆ ಒಂದು ಚೊಂಬು ಬಿಸಿನೀರು ಬಿತ್ತು. ಆಮೇಲೆ ಇನ್ನೊಂದು. ದೊರೆಸಾನಿ ಲೈಟ್ ಎಂದದ್ದು ಎಷ್ಟು ಲೈಟ್ ಎಂಬುದು ಅವಳ ದೇಶದ ಮಾತು. ಯರ್ರೆಪ್ಪನ ಗ್ರೇವಿಯಂತೂ ಕೊನೆಯ ಸಾಲಿಗೆ ಹೋಗುವಷ್ಟರಲ್ಲಿ ತಟ್ಟೆಯ ತಳ ಕಾಣುವಷ್ಟು ಲೈಟಾಗಿತ್ತು. ಆದರೂ ರೊಟ್ಟಿ ಅದ್ದಿ ತಿಂದವರು ಮತ್ತೆ ತಟ್ಟೆ ಮುಂದೆ ಚಾಚಿದರು. ಲಕ್ಷ್ಮಿಕಾಂತ ಮಾತ್ರ ತನ್ನ ಪಾಲಿನ ರೊಟ್ಟಿಯನ್ನು ಲಿಂಗಕ್ಕ ಕೊಟ್ಟ ಶೇಂಗಾಪುಡಿಯಲ್ಲಿ ಉಂಡ.

ಬೀಗರ ಸಾಲು ಪಡಸಾಲೆಯಲ್ಲಿ ಕೂತಿತು. ಯರ್ರೆಪ್ಪ ತಟ್ಟೆ ಹಿಡಿದು ಬಂದ. ಮೊದಲ ತುಂಡು ಬೀಗರಿಗೆ ಹೋಗಬೇಕು. ಅವನು ಅವರನ್ನು ದಾಟಿ, ಬಾಗಿಲ ಹತ್ತಿರ ಸೌಟು ಹಿಡಿದು ನಿಂತಿದ್ದ ಬಸವಕ್ಕನ ಮುಂದೆ ನಿಂತ.

"ಕೂಡು," ಅಂದ.

"ಬೀಗರು..."

"ಕೂರ್ಚೋ ಅಮ್ಮಾ," ಎಂದು ಶ್ರೀರಾಮುಲು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಇವತ್ತು ನೀನು ಉಂಡ ಮ್ಯಾಲೇ ನಾವು."

ಬಸವಕ್ಕ ಕೂತಳು. ಮೂರು ತಿಂಗಳ ಮೇಲೆ ನಾಲ್ಕು ಮಂದಿಯ ಸಾಲಿನಲ್ಲಿ ಕೂತಿದ್ದಳು. ಒಂದು ತುಂಡು ರೊಟ್ಟಿಯಲ್ಲಿ ಹಿಡಿದು, ಗ್ರೇವಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಮನೆಯ ಒಳಗೂ ಹೊರಗೂ ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದರು.

"ಉಪ್ಪು ಕಮ್ಮಿ ಐತಿ," ಅಂದಳು.

ಯರ್ರೆಪ್ಪ ತಲೆ ತಗ್ಗಿಸಿದ.

"ಖಾರಾನೂ ಇಲ್ಲ," ಎಂದು ಇನ್ನೊಂದು ತುಂಡು ತಿಂದಳು. ಮತ್ತೊಂದು ತಿಂದಳು. ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ಮುಂದೆ ತಳ್ಳಿದಳು. "ಇನ್ನಾ ಹಾಕ್ರಿ."

ಹಾಕಲು ತುಂಡು ಉಳಿದಿರಲಿಲ್ಲ. ಯರ್ರೆಪ್ಪ ಬರಿ ಎಲುಬನ್ನು ತಿರುವಿ ಹಾಕುತ್ತಿರುವಾಗ ಶ್ರೀರಾಮುಲು ತಮ್ಮ ತಟ್ಟೆಯಿಂದ ಇನ್ನೂ ಕೈ ಹಚ್ಚದ ದೊಡ್ಡ ತುಂಡನ್ನು ಎತ್ತಿ ಅವಳ ತಟ್ಟೆಗಿಟ್ಟರು. ಬಸವಕ್ಕ ಅದನ್ನು ಎರಡಾಗಿ ಬಿಡಿಸಿ, ಒಂದನ್ನು ಗಂಡನ ಕೈಗೆ ಕೊಟ್ಟಳು. ಬೆಳಗಿನಿಂದ ಓಡಾಡಿದವನು ಏನೂ ತಿಂದಿಲ್ಲವೆಂಬುದು ಅಷ್ಟು ಮಂದಿಯಲ್ಲಿ ಹೊಳೆದದ್ದು ಅವಳೊಬ್ಬಳಿಗೇ.

ಯರ್ರೆಪ್ಪ ನಿಂತಲ್ಲೇ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ.

"ಖರೇನ," ಅಂದ, "ಉಪ್ಪು ಹಾಕೋದೇ ಮರ್ತೀನಿ."